ಪಾರಣೆಯಿಲ್ಲದ ಉಪವಾಸ

ದಶಲಕ್ಷಣ ಪರ್ವದ ಕೊನೆಯಲ್ಲಿ ಉಪವಾಸ ಪೂರೈಸಿದವರನ್ನು ಬಸದಿಯಲ್ಲಿ ಸನ್ಮಾನಿಸುವುದು ವಾಡಿಕೆ. ಹಾರ, ಶಾಲು, ಜಯಘೋಷಗಳ ನಡುವೆ ಸಮಾಜವು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಪಾರಣೆಯಾದ ಮೇಲೆ ಇವರು ಊಟ ಮಾಡುತ್ತಾರೆಯೇ? ಇದು ಕುಚೋದ್ಯದ ಪ್ರಶ್ನೆಯಲ್ಲ. ವ್ರತ ಮುಗಿದರೂ ಅನ್ನ ಮುಟ್ಟಲಾರದ ಎಳೆಯ ಹುಡುಗಿಯನ್ನು ತಪಸ್ವಿನಿಯೆಂದು ಕೊಂಡಾಡಿದರೆ ಅದು ಧರ್ಮಪ್ರಭಾವನೆಯಲ್ಲ, ರೋಗಕ್ಕೆ ಹಾಕಿದ ಹಾರ.

ಆ ರೋಗದ ಹೆಸರು ಅನೊರೆಕ್ಸಿಯಾ ನರ್ವೋಸಾ. 1873ರಷ್ಟು ಹಿಂದೆಯೇ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು ಇದನ್ನು ವಿವರಿಸಿದ್ದರು. ಮನೋವ್ಯಾಧಿಗಳಲ್ಲಿ ಅತ್ಯಂತ ಹೆಚ್ಚು ಪ್ರಾಣಹಾನಿ ಉಂಟುಮಾಡುವವುಗಳಲ್ಲಿ ಇದೂ ಒಂದು. ಆದರೂ ನಮ್ಮ ಮನೆಗಳಲ್ಲಿ ಇದರ ಬಗೆಗೆ ಮೂರು ಮಾತುಗಳು ಚಲಾವಣೆಯಲ್ಲಿವೆ; ಮೂರೂ ಖೋಟಾ ನಾಣ್ಯಗಳೇ.

ಮೊದಲನೆಯದು, ಇದು ಪಾಶ್ಚಾತ್ಯರ ಶೋಕಿ ಎಂಬುದು. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯೊಂದರಲ್ಲಿ ಭಾಗವಹಿಸಿದ ಮನೋವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇಂಥ ರೋಗಿಗಳನ್ನು ಕಂಡಿದ್ದರು. ಹಾಂಕಾಂಗಿನ ಸಿಂಗ್ ಲೀ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನದ 70 ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆಯುಬ್ಬರ, ಹಸಿವಿಲ್ಲ ಎಂಬಂಥ ಕಾರಣಗಳನ್ನು ಅವರು ಕೊಟ್ಟಿದ್ದರು. ರೋಗವು ಆಯಾ ನಾಡಿನ ಮಾತನ್ನೇ ಆಡುತ್ತದೆ. ನಮ್ಮಲ್ಲಿ ಅದು ವ್ರತದ ಮಾತನ್ನು ಆಡಲಾರದೆನ್ನಲು ಆಧಾರವೇನು?

ಎರಡನೆಯದು, ಇದು ಹುಡುಗಿಯ ಹಟ ಎಂಬುದು. ಸುಮಾರು 17,000 ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿದ 2019ರ ಸಂಶೋಧನೆಯು ಈ ವ್ಯಾಧಿಗೆ ಸಂಬಂಧಿಸಿದ ಎಂಟು ನೆಲೆಗಳನ್ನು ಗುರುತಿಸಿತು. ದೇಹದ ಚಯಾಪಚಯಕ್ಕೂ ಇದಕ್ಕೂ ನಂಟಿರುವುದನ್ನು ತೋರಿಸಿತು. ಹಸಿವು ತಾನೇ ಮನಸ್ಸನ್ನು ಕದಡುತ್ತದೆಂಬುದೂ ಸಿದ್ಧಪಟ್ಟಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆರೋಗ್ಯವಂತರಾದ 36 ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದಾಗ, ಅವರಲ್ಲಿ ಖಿನ್ನತೆ, ಸಿಡುಕು, ಏಕಾಂತಪ್ರಿಯತೆ, ಆಹಾರದ್ದೇ ಧ್ಯಾನ ಕಾಣಿಸಿಕೊಂಡವು. ಹಟವೆಂದು ಗದರಿಸುವವರು ಬೈಯುತ್ತಿರುವುದು ಹಸಿದ ಮೆದುಳನ್ನು.

ಮೂರನೆಯದು, ತಾಯಿಯ ಸಾಕಣೆಯ ದೋಷ ಎಂಬುದು. ಕುಟುಂಬವೇ ಈ ರೋಗದ ಮೂಲಕಾರಣವೆಂಬ ವಾದವನ್ನು ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆಯು 2010ರಲ್ಲಿ ತಳ್ಳಿಹಾಕಿತು. ಎಳೆಯರ ಚಿಕಿತ್ಸೆಯಲ್ಲಿ ತಂದೆತಾಯಿಯರೇ ಮುಖ್ಯ ಸಹಾಯಕರು. ಅವರನ್ನು ನಾಚಿಕೆಗೀಡುಮಾಡಿದರೆ ಅವರು ಮಗಳನ್ನು ವೈದ್ಯರಿಂದಲೂ ಮುಚ್ಚಿಡುತ್ತಾರೆ.

‘ಹಾಗಾದರೆ ಉಪವಾಸವೇ ರೋಗವೋ?’ ಎಂದು ಕೆಲವರು ಕೆರಳಬಹುದು. ಖಂಡಿತ ಅಲ್ಲ. ಅನಶನವು ಬಾಹ್ಯ ತಪಗಳಲ್ಲಿ ಮೊದಲನೆಯದು. ಆದರೆ ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಆಚಾರ್ಯರು ವ್ಯರ್ಥವಾಗಿ ಸೇರಿಸಲಿಲ್ಲ. ಶಕ್ತಿಯನ್ನು ಮೀರಿದ್ದು ತಪವಲ್ಲ. ತಪಸ್ವಿಯು ದೇಹದ ಮೋಹವನ್ನು ಬಿಡುತ್ತಾನೆ. ಈ ವ್ಯಾಧಿಯು ಮನಸ್ಸನ್ನು ಹಗಲಿರುಳೂ ದೇಹದ ತೂಕಕ್ಕೋ ಮುಂದಿನ ತುತ್ತಿನ ಭಯಕ್ಕೋ ಕಟ್ಟಿಹಾಕುತ್ತದೆ. ತಪಸ್ವಿಯು ಪ್ರತ್ಯಾಖ್ಯಾನದ ಅವಧಿಯನ್ನು ತಾನೇ ನಿಶ್ಚಯಿಸಿ ಪಾರಣೆ ಮಾಡುತ್ತಾನೆ. ರೋಗಿಗೆ ಆ ಸ್ವಾತಂತ್ರ್ಯವೇ ಉಳಿದಿರುವುದಿಲ್ಲ. ಇದು ಆಕೆಯ ಪಾಪವಲ್ಲ. ನೋಡಿಯೂ ನೋಡದೆ ಹೊಗಳುವವರ ಪ್ರಮಾದ. ಪ್ರಮಾದದಿಂದಾಗುವ ಪ್ರಾಣಘಾತವೇ ಹಿಂಸೆಯೆಂಬುದನ್ನು ಶ್ರಾವಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳು ಅಪ್ರಾಪ್ತ ವಯಸ್ಕರ ದೀರ್ಘೋಪವಾಸಕ್ಕೆ ಬಹಿರಂಗ ಸನ್ಮಾನವನ್ನು ನಿಲ್ಲಿಸಲಿ. ಉಪವಾಸದ ದಿನಗಳನ್ನು ಅಂಗಡಿಯ ಖಾತೆಯಂತೆ ಕೂಡಿ ವೇದಿಕೆಯಲ್ಲಿ ಓದುವ ಪದ್ಧತಿಯೂ ನಿಲ್ಲಲಿ. ಮಗಳು ತೀರ ಸೊರಗುತ್ತಿದ್ದರೆ, ಮುಟ್ಟು ನಿಂತಿದ್ದರೆ, ಊಟದ ಹೊತ್ತಿಗೆ ನೆಪ ಹೇಳಿ ಮರೆಯಾಗುತ್ತಿದ್ದರೆ, ಮನೆಯವರು ಮುಂದಿನ ಪರ್ವದವರೆಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಲಿ. ಔಷಧದಾನವನ್ನೂ ಅಭಯದಾನವನ್ನೂ ಚತುರ್ವಿಧ ದಾನಗಳಲ್ಲಿ ಎಣಿಸುವ ಸಮಾಜವು ಅವೆರಡನ್ನೂ ಮೊದಲು ತನ್ನ ಮನೆಯ ಮಗಳಿಗೆ ನೀಡಲಿ.