ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಳೆದ ವರ್ಷ ಐದು ತಿಂಗಳ ಕಾಲ ಅಮೆರಿಕದಲ್ಲಿರುವ ಮಗಳ ಮನೆಯಲ್ಲಿದ್ದೆ. ಹತ್ತನೆಯ ತರಗತಿಯಲ್ಲಿದ್ದ ಮೊಮ್ಮಗಳಿಗೆ ದೂರದ ಓಟಗಳಲ್ಲಿ ಆಸಕ್ತಿ. ಅದೇ ಊರಿನ ಇನ್ನೊಂದು ಸರ್ಕಾರಿ ಪ್ರೌಢಶಾಲೆಗೆ ಸೇರಬೇಕೆಂಬ ಬಯಕೆ ಅವಳಲ್ಲಿ ಮೂಡಿತ್ತು. ಅಲ್ಲಿ ಗಣಿತದ ಪಾಠ ಚೆನ್ನಾಗಿ ನಡೆಯುತ್ತದೆ ಎಂಬುದು ಒಂದು ಕಾರಣ, ಓಟದ ಕೋಚ್ ನುರಿತವರು ಎಂಬುದು ಇನ್ನೊಂದು. ಶಾಲೆ ಬದಲಿಸುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಹೊಸ ಶಾಲೆಯ ಪರವಾಗಿ ಓಡಬೇಕಾದರೆ ಒಂದು ನಮೂನೆಯನ್ನು ಭರ್ತಿ ಮಾಡಬೇಕಿತ್ತು. ಈ ಬದಲಾವಣೆ ಕ್ರೀಡೆಯ ಉದ್ದೇಶದಿಂದ ಆಗುತ್ತಿದೆಯೇ ಎಂಬುದು ಅದರ ತಿರುಳು. ಹೌದು ಎಂದಾದರೆ ಒಂದು ವರ್ಷ ಶಾಲೆಯ ಮುಖ್ಯ ತಂಡದಿಂದ ದೂರ ಉಳಿಯಬೇಕು.

"ಎರಡೂ ಕಾರಣ ನಿಜ ಅಜ್ಜ, ಯಾವುದನ್ನ ಬರೀಲಿ?" ಎಂದು ಅವಳು ಕೇಳಿದಳು. ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದು ಸಾವಿರಾರು ನಮೂನೆಗಳನ್ನು ಜನರಿಂದ ತುಂಬಿಸಿದ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಂದು ವರ್ಷ ಕಳೆದುಕೊಳ್ಳುವ ಭಯದಿಂದ ಅವಳು ಹಳೆಯ ಶಾಲೆಯಲ್ಲಿಯೇ ಉಳಿದಳು. ಇದೇ ಪ್ರಶ್ನೆಗೆ ಹಿಂದೊಮ್ಮೆ ಅಧಿಕಾರಿಯಾಗಿ ನಾನು ಕೊಟ್ಟಿದ್ದ ಉತ್ತರ ಅಂದಿನಿಂದ ನನ್ನನ್ನು ಕಾಡುತ್ತಿದೆ. ಅದನ್ನು ಮುಂದೆ ಹೇಳುತ್ತೇನೆ.

ಅಮೆರಿಕದಲ್ಲಿ ಶಾಲಾ ಕ್ರೀಡೆ ಎಂಬುದು ಚಿಕ್ಕ ಸಂಗತಿಯಲ್ಲ. ಅಲ್ಲಿನ ಪ್ರೌಢಶಾಲಾ ಕ್ರೀಡೆಗಳಲ್ಲಿ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಪಾಲ್ಗೊಳ್ಳುವಿಕೆ ದಾಖಲಾಗುತ್ತದೆ. ಇಬ್ಬಗೆಯ ಆಟ ಆಡಿದವರನ್ನು ಎರಡು ಬಾರಿ ಎಣಿಸುತ್ತಾರೆ. ಪ್ರತಿ ರಾಜ್ಯದಲ್ಲಿಯೂ ಇದನ್ನು ನಡೆಸುವ ಒಂದು ಸಂಘವಿದೆ. ಸರ್ಕಾರಿ ಶಾಲೆಯಲ್ಲಿ ಮಗುವಿನ ಸ್ಥಾನ ಸಾಮಾನ್ಯವಾಗಿ ಮನೆಯ ವಿಳಾಸದಿಂದ ನಿರ್ಧಾರವಾಗುತ್ತದೆ. ಹೀಗಾಗಿ ಅಲ್ಲಿನ ಅರ್ಹತಾ ನಿಯಮಗಳೂ ವಿಳಾಸದ ಸುತ್ತಲೇ ಬೆಳೆದಿವೆ. ಕ್ಯಾಲಿಫೋರ್ನಿಯಾದಲ್ಲಿ ಕುಟುಂಬವೇ ನಿಜವಾಗಿ ಮನೆ ಬದಲಿಸಿದರೆ ಮಗು ಕೂಡಲೇ ಆಡಬಹುದು. ಮನೆ ಬದಲಿಸದೆ ಶಾಲೆ ಮಾತ್ರ ಬದಲಿಸಿದರೆ ಸಾಮಾನ್ಯವಾಗಿ ಋತುವಿನ ಅರ್ಧದಷ್ಟು ಕಾಲ ಹೊರಗೆ ಕೂರಬೇಕು. ಟೆಕ್ಸಾಸ್‌ನಲ್ಲಿ ಕ್ರೀಡೆಯ ಉದ್ದೇಶದಿಂದ ಬಂದವರೆಂದು ತೀರ್ಮಾನವಾದರೆ ಕನಿಷ್ಠ ಒಂದು ವರ್ಷ ಮುಖ್ಯ ತಂಡದಲ್ಲಿ ಸ್ಥಾನವಿಲ್ಲ. ಹಾಗೆ ತೀರ್ಮಾನಿಸುವ ಜಿಲ್ಲಾ ಸಮಿತಿಯಲ್ಲಿ ಕೂರುವವರು ಅದೇ ಜಿಲ್ಲೆಯಲ್ಲಿ ಪರಸ್ಪರ ಸೆಣಸುವ ಶಾಲೆಗಳ ಪ್ರತಿನಿಧಿಗಳು. ಮೇಲ್ಮನವಿಗೆ ರಾಜ್ಯಮಟ್ಟದ ಸಮಿತಿಯಿದೆ, ನಿಜ. ಆದರೂ ಎದುರಾಳಿಯೇ ಮೊದಲ ನ್ಯಾಯಾಧೀಶನಾಗುವ ವ್ಯವಸ್ಥೆ ಯಾವ ನ್ಯಾಯಶಾಸ್ತ್ರಕ್ಕೂ ಒಪ್ಪುವಂಥದ್ದಲ್ಲ.

ಈ ನಿಯಮಗಳ ಹಿಂದೆ ಒಂದು ನ್ಯಾಯವಾದ ಕಾಳಜಿಯೂ ಇದೆ ಎಂಬುದನ್ನು ಮರೆಯಲಾಗದು. ಬಲಿಷ್ಠ ಶಾಲೆಯೊಂದು ಸುತ್ತಲಿನ ಹತ್ತು ಶಾಲೆಗಳ ಉತ್ತಮ ಆಟಗಾರರನ್ನೆಲ್ಲ ಸೆಳೆದುಕೊಂಡರೆ ಉಳಿದ ಒಂಬತ್ತು ಶಾಲೆಗಳಲ್ಲಿ ಆಟವೇ ಸೊರಗುತ್ತದೆ. ಮೂರು ವರ್ಷ ಬೆವರು ಸುರಿಸಿದ ಸ್ಥಳೀಯ ಹುಡುಗ ಹೊರಗಿನಿಂದ ಬಂದವನಿಗೆ ಸ್ಥಾನ ಬಿಟ್ಟುಕೊಡಬೇಕಾಗುತ್ತದೆ. ಪದಕಗಳ ಸಂಖ್ಯೆ ನಿಗದಿಯಾದದ್ದು. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಇಂಥ ಕಡೆ ಶಾಲೆಗಳು ತರಬೇತಿಗೆ ಹಣ ಸುರಿಯುವುದಕ್ಕಿಂತ ತರಬೇತಾದವರನ್ನು ಎತ್ತಿಕೊಂಡು ಹೋಗುವುದೇ ಲಾಭವೆಂದು ಭಾವಿಸುವ ಅಪಾಯವಿದೆ. ಆದ್ದರಿಂದ ನಿಯಮ ಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಅದರ ಪೆಟ್ಟು ಯಾರಿಗೆ ಬೀಳಬೇಕು ಎಂಬುದು ಪ್ರಶ್ನೆ.

ಟೆನೆಸೀ ರಾಜ್ಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಪ್ರಕರಣ ಇದಕ್ಕೊಂದು ಪಾಠ. 1997ರಲ್ಲಿ ಆ ಶಾಲೆಯ ಫುಟ್‌ಬಾಲ್ ಕೋಚ್, ಪ್ರವೇಶ ಪಡೆದಿದ್ದರೂ ಇನ್ನೂ ತರಗತಿಗೆ ಬಾರದ ಕೆಲವು ಎಂಟನೆಯ ತರಗತಿಯ ಹುಡುಗರಿಗೆ ಪತ್ರ ಬರೆದು ವಸಂತಕಾಲದ ಅಭ್ಯಾಸಕ್ಕೆ ಆಹ್ವಾನಿಸಿದರು. ಇದು ಆಟಗಾರರನ್ನು ಸೆಳೆಯುವ ಯತ್ನ ಎಂದು ರಾಜ್ಯದ ಕ್ರೀಡಾ ಸಂಘ ಶಾಲೆಗೆ 3,000 ಡಾಲರ್ ದಂಡ ವಿಧಿಸಿತು. ಜೊತೆಗೆ ಶಾಲೆಯ ಫುಟ್‌ಬಾಲ್ ಮತ್ತು ಬಾಲಕರ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಎರಡು ವರ್ಷ ಅಂತಿಮ ಸುತ್ತಿನ ಪಂದ್ಯಗಳಿಂದ ಹೊರಗಿಡುವ ತೀರ್ಮಾನವನ್ನೂ ಕೈಗೊಂಡಿತು. ಪ್ರಕರಣ ಎರಡು ಬಾರಿ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸಂಘವು ಸರ್ಕಾರದ ಅಂಗದಂತೆಯೇ ಸಂವಿಧಾನಕ್ಕೆ ಉತ್ತರದಾಯಿ ಎಂದು 2001ರಲ್ಲಿ 5-4ರ ಬಹುಮತದಿಂದ ತೀರ್ಪಾಯಿತು. ಎಳೆಯ ವಿದ್ಯಾರ್ಥಿಗಳ ಮೇಲೆ ಕೋಚ್‌ಗಳು ಒತ್ತಡ ಹೇರದಂತೆ ತಡೆಯುವ ನಿಯಮ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲ ಎಂದು 2007ರಲ್ಲಿ ತೀರ್ಪು ಬಂದಿತು. ಈ ತತ್ತ್ವ ಸರಿಯಾದದ್ದೇ. ಆದರೆ ಗಮನಿಸಿ: ಪತ್ರ ಬರೆದವರು ವಯಸ್ಕರು; ಎರಡು ವರ್ಷಗಳ ನಿಷೇಧ ಗೊತ್ತುಮಾಡಿದ್ದು ಹುಡುಗರ ತಂಡಗಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಎರಡು ಪ್ರಬಂಧಗಳು ನೆನಪಾಗುತ್ತವೆ. ಎರಡೂ 1956ರಲ್ಲಿ, ಒಂದೇ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾದವು. ಬೇಸ್‌ಬಾಲ್ ಆಟಗಾರರನ್ನು ಒಂದೇ ಕ್ಲಬ್ಬಿಗೆ ಕಟ್ಟಿಹಾಕುವ ನಿಯಮದಿಂದ ಪ್ರತಿಭೆ ಎಲ್ಲಿ ಸೇರುತ್ತದೆ ಎಂಬುದು ಬದಲಾಗುವುದಿಲ್ಲ, ಲಾಭ ಯಾರ ಜೇಬಿಗೆ ಹೋಗುತ್ತದೆ ಎಂಬುದಷ್ಟೇ ಬದಲಾಗುತ್ತದೆ ಎಂದು ಸೈಮನ್ ರಾಟನ್‌ಬರ್ಗ್ ವಾದಿಸಿದರು. ಜನರು ತಮಗೆ ಬೇಕಾದ ಸೌಲಭ್ಯಗಳಿರುವ ಊರಿಗೆ ಮನೆ ಬದಲಿಸುವ ಮೂಲಕವೇ ತಮ್ಮ ಆಯ್ಕೆಯನ್ನು ಪ್ರಕಟಿಸುತ್ತಾರೆ ಎಂದು ಚಾರ್ಲ್ಸ್ ಟೀಬೋ ಹೇಳಿದರು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ವಿಳಾಸದ ನಿಯಮದ ಒಳಗುಟ್ಟು ತಿಳಿಯುತ್ತದೆ. ಹಣವುಳ್ಳ ತಂದೆ ಬೇಕಾದ ಶಾಲೆಯ ವ್ಯಾಪ್ತಿಯಲ್ಲಿ ಮನೆ ಕೊಳ್ಳುತ್ತಾನೆ. ಅವನ ಮಗ ಮರುದಿನವೇ ಅರ್ಹ. ಬಾಡಿಗೆ ಕಟ್ಟಲು ಹೆಣಗುವ ತಾಯಿಯ ಮಗ ಬೆಂಚಿನ ಮೇಲೆ ಕೂರುತ್ತಾನೆ. ನಿಯಮ ತಡೆಯುವುದು ಚಲನೆಯನ್ನಲ್ಲ, ಬಡವರ ಚಲನೆಯನ್ನು. ಅದು ಸುಳ್ಳಿಗೂ ಪ್ರೇರಣೆ ನೀಡುತ್ತದೆ. 2025ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಬದಲಿಸಿದ ಹತ್ತಾರು ಫುಟ್‌ಬಾಲ್ ಆಟಗಾರರು ದಾಖಲೆಗಳಲ್ಲಿ ಸುಳ್ಳು ಮಾಹಿತಿ ಇತ್ತೆಂಬ ಕಾರಣಕ್ಕೆ ಅನರ್ಹರಾದರು.

ಈಗ ನನ್ನ ತಪ್ಪೊಪ್ಪಿಗೆ. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ರಾಜ್ಯದ ಜಿಲ್ಲಾ ಪಂಚಾಯಿತಿಯೊಂದರಲ್ಲಿ ನಾನು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿದ್ದೆ. ಶಾಲಾ ಕ್ರೀಡಾಕೂಟದ ಸಮಯದಲ್ಲಿ ಒಂದು ತಕರಾರು ಅರ್ಜಿ ನನ್ನ ಮೇಜಿಗೆ ಬಂದಿತು. ಹೋಬಳಿಯ ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತನೆಯ ತರಗತಿ ಓದಿದ್ದ ಹುಡುಗಿಯೊಬ್ಬಳು ಹತ್ತಕ್ಕೆ ತಾಲ್ಲೂಕು ಕೇಂದ್ರದ ಶಾಲೆಗೆ ಸೇರಿ, 1500 ಮೀಟರ್ ಓಟದಲ್ಲಿ ಆ ಶಾಲೆಯ ಪರವಾಗಿ ಗೆದ್ದಿದ್ದಳು. ಆಕೆಯ ಪ್ರವೇಶ ಆ ವರ್ಷದ ಸುತ್ತೋಲೆಯಲ್ಲಿದ್ದ ದಿನಾಂಕದ ನಂತರ ಆಗಿದೆ ಎಂದು ಹಳೆಯ ಶಾಲೆ ಆಕ್ಷೇಪಿಸಿತ್ತು. ಕಡತದಲ್ಲಿ ವರ್ಗಾವಣೆ ಪತ್ರವಿತ್ತು, ದಿನಾಂಕ ಸ್ಪಷ್ಟವಾಗಿತ್ತು. "ನಿಯಮಾನುಸಾರ ಅನರ್ಹ" ಎಂದು ಐದು ಸಾಲಿನ ಆದೇಶ ಬರೆದು ಸಹಿ ಹಾಕಿದೆ. ಹುಡುಗಿಯನ್ನು ಕರೆಸಿ ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಕೆಲವು ವಾರಗಳ ನಂತರ ಹಳೆಯ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರೇ ಕಚೇರಿಗೆ ಬಂದರು. ಕೆರೆ ಏರಿಯ ಮೇಲೆ ಸೈಕಲ್ಲಿನಲ್ಲಿ ಹಿಂಬಾಲಿಸುತ್ತ ಎರಡು ವರ್ಷ ಅವಳನ್ನು ಓಡಿಸಿದವರು ಅವರು. "ಅವಳನ್ನ ನಿಲ್ಲಿಸಿ ಅಂತ ನಾನು ಕೇಳಿರಲಿಲ್ಲ ಸಾರ್. ಎರಡು ವರ್ಷ ನಮ್ಮ ಶಾಲೆ ಹುಡುಗಿ ಆಗಿದ್ಲು ಅಂತ ಎಲ್ಲಾದ್ರೂ ಒಂದು ಕಡೆ ಬರೀಲಿ ಅನ್ನೋದಷ್ಟೇ ನನ್ನ ಆಸೆ" ಎಂದರು. ನನ್ನ ಆದೇಶದಿಂದ ಹಳೆಯ ಶಾಲೆಗೆ ಫಲಕ ಬರಲಿಲ್ಲ, ಹೊಸ ಶಾಲೆಗೂ ದಕ್ಕಲಿಲ್ಲ. ಹುಡುಗಿಗೆ ಅದು ಶಾಲೆಯ ಕೊನೆಯ ವರ್ಷವಾಗಿತ್ತು. ಆಕೆ ಮುಂದೆ ಓಡಿದಳೋ ಇಲ್ಲವೋ ಎಂದು ವಿಚಾರಿಸುವ ಸೌಜನ್ಯವನ್ನೂ ನಾನು ತೋರಲಿಲ್ಲ.

ಯೋಚಿಸಿ ನೋಡಿ. ನಮ್ಮ ಮಧ್ಯಮ ವರ್ಗದ ಎಷ್ಟು ಕುಟುಂಬಗಳು ಹತ್ತನೆಯ ತರಗತಿ ಮುಗಿಯುತ್ತಲೇ ಮಗನನ್ನೋ ಮಗಳನ್ನೋ ವಿಜ್ಞಾನ ವಿಭಾಗಕ್ಕಾಗಿ ಕರಾವಳಿಯ ವಸತಿ ಕಾಲೇಜುಗಳಿಗೆ ಕಳುಹಿಸುವುದಿಲ್ಲ? ಸಿಇಟಿ, ನೀಟ್ ಎಂದು ಊರು ಬಿಡುವ ಮಗುವಿಗೆ ನಾವು ಶುಭ ಹಾರೈಸುತ್ತೇವೆ. ಅದೇ ಮಗು ಒಳ್ಳೆಯ ಮೈದಾನ, ಒಳ್ಳೆಯ ಕೋಚ್ ಎಂದು ಶಾಲೆ ಬದಲಿಸಿದರೆ ಅದರ ಉದ್ದೇಶವನ್ನು ಶಂಕಿಸುತ್ತೇವೆ. ಗಣಿತಕ್ಕಾಗಿ ಶಾಲೆ ಬದಲಿಸುವುದು ಮಹತ್ವಾಕಾಂಕ್ಷೆ, ಓಟಕ್ಕಾಗಿ ಬದಲಿಸುವುದು ಅಪರಾಧ ಎಂಬ ಭೇದಕ್ಕೆ ಯಾವ ಆಧಾರವಿದೆ?

ಅಮೆರಿಕದಲ್ಲಿಯೇ ಈಗ ಮರುಚಿಂತನೆ ನಡೆದಿದೆ. ಫ್ಲಾರಿಡಾ ರಾಜ್ಯ 2016ರಲ್ಲಿ ಮಾಡಿದ ಕಾನೂನಿನಂತೆ ಶಾಲೆ ಬದಲಿಸಿದ ವಿದ್ಯಾರ್ಥಿ ಕೂಡಲೇ ಆಡಬಹುದು. ಆದರೆ ಒಂದೇ ವರ್ಷದಲ್ಲಿ ಒಂದೇ ಆಟವನ್ನು ಎರಡು ಶಾಲೆಗಳ ಪರವಾಗಿ ಆಡುವುದಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವಕಾಶವಿಲ್ಲ. ಆಮಿಷ ಒಡ್ಡಿ ಸೆಳೆದ ಸರ್ಕಾರಿ ಶಾಲೆಯ ಕೋಚ್‌ಗೆ ಮೊದಲ ತಪ್ಪಿಗೇ ವೇತನದಲ್ಲಿ 5,000 ಡಾಲರ್ ಮುಟ್ಟುಗೋಲು, ಎರಡನೆಯದಕ್ಕೆ ವೇತನರಹಿತ ಅಮಾನತು. ವಿದ್ಯಾರ್ಥಿ ಅಥವಾ ಪೋಷಕರು ಸುಳ್ಳು ದಾಖಲೆ ಕೊಟ್ಟಿದ್ದರೆ ಇಲ್ಲವೇ ಆಮಿಷ ಸ್ವೀಕರಿಸಿದ್ದರೆ ಮಾತ್ರ ಮಗು ಅನರ್ಹ. ಇಂಡಿಯಾನಾ ರಾಜ್ಯ 2025ರಲ್ಲಿ, ಮೊದಲ ಆರು ಸೆಮಿಸ್ಟರ್‌ಗಳೊಳಗೆ ಒಂದು ಬಾರಿ ಮನೆ ಬದಲಿಸದೆಯೂ ಶಾಲೆ ಬದಲಿಸಿ ಆಡಲು ಅವಕಾಶ ನೀಡಿತು. ಇಂಥ ಬಾಗಿಲು ತೆರೆದರೆ ಪ್ರತಿಭೆಯೆಲ್ಲ ಕೆಲವೇ ಶಾಲೆಗಳಲ್ಲಿ ಗುಡ್ಡೆಯಾಗುತ್ತದೆ ಎಂಬ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ಗುಡ್ಡೆಯಾಗುವುದನ್ನು ತಡೆಯಲು ಉಳಿದ ಶಾಲೆಗಳಿಗೂ ಮೈದಾನ, ಶಿಕ್ಷಕರನ್ನು ಕೊಡಬೇಕೇ ಹೊರತು ಮಗುವಿನ ಕಾಲಿಗೆ ಹಗ್ಗ ಬಿಗಿಯುವುದಲ್ಲ.

ನಮ್ಮಲ್ಲಿನ ರೋಗದ ಸ್ವರೂಪ ಸ್ವಲ್ಪ ಬೇರೆ. ಅಲ್ಲಿ ವಿಳಾಸ ಸುಳ್ಳಾದರೆ ಇಲ್ಲಿ ಹುಟ್ಟಿದ ದಿನಾಂಕ ಸುಳ್ಳು. 14, 17, 19 ವರ್ಷದೊಳಗಿನವರು ಎಂದು ವಿಂಗಡಿಸಿರುವ ನಮ್ಮ ಶಾಲಾ ಕ್ರೀಡೆಗಳಲ್ಲಿ ವಯಸ್ಸು ಮುಚ್ಚಿಡುವುದು ಹಳೆಯ ಪಿಡುಗು. ಇದನ್ನು ತಡೆಯಲು ಕೇಂದ್ರ ಸರ್ಕಾರ 2010ರಲ್ಲಿಯೇ ರಾಷ್ಟ್ರೀಯ ಸಂಹಿತೆ ರೂಪಿಸಿತು. ನಮ್ಮವರೇ ಆದ ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಇದರ ಬಗ್ಗೆ ಕಟುವಾಗಿಯೇ ಎಚ್ಚರಿಸಿದರು. ಹದಿನಾಲ್ಕರ ಮಗು ತಾನೇ ಹೋಗಿ ಜನನ ಪ್ರಮಾಣಪತ್ರ ತಿದ್ದಿಸುವುದಿಲ್ಲ. ಅದರ ಹಿಂದೆ ಪೋಷಕರು, ಕೋಚ್, ಕೆಲವೊಮ್ಮೆ ಶಾಲೆಯೇ ಇರುತ್ತದೆ. ಬೇರೆಯವರ ಪದಕ ಕಸಿಯುವ ಇಂಥ ಸುಳ್ಳಿಗೆ ಮಗು ಸ್ಪರ್ಧೆಯಿಂದ ಹೊರಗುಳಿಯುವುದು ಅನಿವಾರ್ಯ. ಆದರೆ ಶಿಕ್ಷೆ ಅಲ್ಲಿಗೇ ನಿಂತು ವಯಸ್ಕರನ್ನು ಮುಟ್ಟದಿದ್ದರೆ ಅದು ಅರ್ಧ ನ್ಯಾಯ.

ಆದ್ದರಿಂದ ನನ್ನ ಸಲಹೆಗಳು ಸರಳ. ಪ್ರೌಢಶಾಲೆಯ ಅವಧಿಯಲ್ಲಿ ಒಂದು ಬಾರಿ, ಯಾವ ಕಾರಣ ಕೇಳದೆಯೂ, ಶಾಲೆ ಬದಲಿಸಿ ಆಡುವ ಹಕ್ಕು ಮಗುವಿಗಿರಲಿ. ಆಮಿಷ ಒಡ್ಡಿದ, ದಾಖಲೆ ತಿದ್ದಿದ ವಯಸ್ಕರಿಗೆ ದಂಡ ಬೀಳಲಿ. ತಕರಾರನ್ನು ಎದುರಾಳಿ ಶಾಲೆಗಳಿಗೆ ಸಂಬಂಧವಿಲ್ಲದವರು, ಮಗುವಿನ ಮಾತು ಕೇಳಿ, ಪಂದ್ಯ ಮುಗಿಯುವ ಮೊದಲೇ ತೀರ್ಮಾನಿಸಲಿ. ನಾಲ್ಕು ವರ್ಷದ ಶಾಲಾ ಜೀವನದಲ್ಲಿ ಒಂದು ವರ್ಷ ಕಾಯಿಸುವುದೆಂದರೆ ಕಾಲು ಭಾಗವನ್ನು ಕಿತ್ತುಕೊಂಡಂತೆ. ನಮ್ಮ ಮೂರು ವರ್ಷದ ಪ್ರೌಢಶಾಲೆಯಲ್ಲಿ ಅದು ಮೂರನೆಯ ಒಂದು ಭಾಗ. ಕೊನೆಯದು, ಆ ದೈಹಿಕ ಶಿಕ್ಷಣ ಶಿಕ್ಷಕರು ಕೇಳಿದ್ದು. ವೃತ್ತಿಪರ ಫುಟ್‌ಬಾಲ್‌ನಲ್ಲಿ ಆಟಗಾರ ಕ್ಲಬ್ ಬದಲಿಸಿದಾಗ ಎಳವೆಯಲ್ಲಿ ಅವನನ್ನು ಬೆಳೆಸಿದ ಕ್ಲಬ್‌ಗಳಿಗೂ ಒಂದು ಪಾಲು ಸಲ್ಲುವ ವ್ಯವಸ್ಥೆಯನ್ನು ಫಿಫಾ 2001ರಿಂದ ಜಾರಿಯಲ್ಲಿಟ್ಟಿದೆ. ನಮ್ಮ ಶಾಲೆಗಳ ನಡುವೆ ಹಣದ ಮಾತು ಬೇಡ. ಮಗು ಜಿಲ್ಲೆ, ರಾಜ್ಯ ಮಟ್ಟದಲ್ಲಿ ಗೆದ್ದಾಗ ಪ್ರಮಾಣಪತ್ರದಲ್ಲಿ ಮೊದಲ ಶಾಲೆಯ ಹೆಸರೂ ಇರಲಿ, ಅಂಕಗಳಲ್ಲಿ ಒಂದು ಪಾಲು ಆ ಶಾಲೆಗೂ ಸಲ್ಲಲಿ.

ಅಂದು ನನ್ನ ಕಡತದಲ್ಲಿ ಅದಕ್ಕೊಂದು ಅಂಕಣವಿರಲಿಲ್ಲ. ಆದರೆ ಅಂಕಣ ಹಾಕುವ ಅಧಿಕಾರ ನನ್ನ ಕೈಯಲ್ಲೇ ಇತ್ತು.