ಆಶಾವಾದದ ಅರ್ಥ

ಎಲ್ಲವೂ ಒಳ್ಳೆಯದಾಗುವದೆಂಬ ಮಾತನ್ನು ಬಡವನಿಗೆ ಹೇಳಿದಷ್ಟು ಸಲೀಸಾಗಿ ನಾವು ಮತ್ತಾರಿಗೂ ಹೇಳುವದಿಲ್ಲ. ಮಳೆ ತಪ್ಪಿತೇ? ಮುಂದಿನ ವರುಷ ಬಂದೀತು. ಕಾಲುವೆ ಬರಲಿಲ್ಲವೇ? ಮುಂದಿನ ಯೋಜನೆಯಲ್ಲಿ ಬಂದೀತು. ಹೀಗೆ ಸಮಾಧಾನ ಹೇಳಿದವರು ತಮ್ಮ ದಾರಿಯನ್ನು ಹಿಡಿಯುವರು. ಕೇಳಿದವನು ತನ್ನ ಹೊಲದ ಬದುವಿನ ಮೇಲೆ ಉಳಿಯುವನು. ಇದಕ್ಕೆ ಆಶಾವಾದವೆಂದು ಹೆಸರಿಟ್ಟಿದ್ದಾರೆ. ಈ ಹೆಸರು ಇದಕ್ಕೆ ಸಲ್ಲತಕ್ಕದ್ದೇ ಎಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಈ ವಾದದ ಪ್ರಸಿದ್ಧಿಯು ಯುರೋಪ ಖಂಡದಿಂದ ಬಂದದ್ದು. ಸಾಧ್ಯವಿರುವ ಲೋಕಗಳಲ್ಲೆಲ್ಲ ನಮ್ಮ ಈ ಲೋಕವೇ ಅತ್ಯುತ್ತಮವಾದುದೆಂದು ಜರ್ಮನಿಯ ಲೈಬ್ನಿಟ್ಸನು 1710ರಲ್ಲಿ ಪ್ರತಿಪಾದಿಸಿದನು. 1755ರಲ್ಲಿ ಲಿಸ್ಬನ್ ಪಟ್ಟಣವು ಭೂಕಂಪಕ್ಕೆ ತುತ್ತಾಗಿ ಸಾವಿರಾರು ಜನರು ಮಡಿದರು. 1759ರಲ್ಲಿ ಫ್ರಾನ್ಸಿನ ವೋಲ್ಟೇರನು ‘ಕಾಂದೀದ್’ ಎಂಬ ಕಥೆಯನ್ನು ಬರೆದು ಆ ಸಿದ್ಧಾಂತವನ್ನು ನಗೆಗೀಡುಮಾಡಿದನು. ಆದರೂ ಅವನ ಕಥಾನಾಯಕನು ಕಟ್ಟಕಡೆಗೆ ಕೈಕಟ್ಟಿ ಕೂಡ್ರಲಿಲ್ಲ. ತೋಟದ ಕೆಲಸಕ್ಕೆ ತೊಡಗಿದನು. ವಾದವು ಬಿದ್ದುಹೋಯಿತು, ಕೆಲಸವು ಉಳಿಯಿತು.

ಇದನ್ನು ಅರಿಯಲು ನಾವು ಯುರೋಪಕ್ಕೆ ಹೋಗಬೇಕಾದ ಕಾರಣವಿಲ್ಲ. ಮಂಗಳೂರೆಂದೊಡನೆ ಹಲವರಿಗೆ ಕಡಲತಡಿಯ ಪಟ್ಟಣವು ನೆನಪಾಗುವದು. ಕೊಪ್ಪಳ ಜಿಲ್ಲೆಯಲ್ಲಿ ಕುಕನೂರ ಕಡೆಗೂ ಒಂದು ಮಂಗಳೂರುಂಟು. ಈ ಜಿಲ್ಲೆಗೆ ವರುಷಕ್ಕೆ ಬೀಳುವದು ಸುಮಾರು 600 ಮಿಲಿಮೀಟರ್ ಮಳೆ. ಈ ಸೀಮೆಯ ಎರೆಭೂಮಿಯ ಒಕ್ಕಲಿಗನನ್ನು ನೋಡಿರಿ. ಮಳೆ ಬಾರದ ಮೊದಲೇ ಅವನು ಒಡ್ಡನ್ನು ಸರಿಪಡಿಸುವನು. ಬಂದ ಹನಿಯು ಹರಿದುಹೋಗದಂತೆ ಕುಂಟೆ ಹೊಡೆದು ಹರಗುವನು. ಹಿಂಗಾರಿಯ ಜೋಳ ಕಡಲೆಗಳು ಮಳೆ ನಿಂತ ಮೇಲೆಯೂ ನೆಲದೊಳಗಿನ ಹಸಿಯಿಂದಲೇ ಬೆಳೆಯಬೇಕು. ಮಳೆ ಬಂದೇ ಬರುವದೆಂದು ಅವನು ನಂಬಿರುವನೇ? ಇಲ್ಲ, ಎಷ್ಟೋ ಬರಗಾಲಗಳನ್ನು ಅವನು ಉಂಡಿದ್ದಾನೆ. ಮಳೆ ಬಂದರೆ ತನ್ನ ಹೊಲವು ಸಿದ್ಧವಿರಲಿಲ್ಲವೆಂಬ ಮಾತು ಬರಬಾರದೆಂದು ದುಡಿಯುವನು. ಫಲದ ಖಾತ್ರಿಯಿಲ್ಲದಾಗಲೂ ತನ್ನ ಪಾಲಿನ ಕೆಲಸವನ್ನು ಮುಗಿಸಿಡುವದೇ ಆಶಾವಾದವೆಂದು ನಾವು ತಿಳಿಯುತ್ತೇವೆ.

ಒಬ್ಬ ಒಕ್ಕಲಿಗನಿಗೆ ಸಲ್ಲುವ ಈ ಮಾತು ಒಂದು ನಾಡಿಗೂ ಸಲ್ಲುವದು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ವಿಚಾರವನ್ನು ಸರ್ ಆರ್ಥರ್ ಕಾಟನ್ನನು 1860ರಲ್ಲಿಯೇ ಮುಂದಿಟ್ಟನು. ಅಸ್ತಿಭಾರವು ಬಿದ್ದದ್ದು 1945ರಲ್ಲಿ. ಕಟ್ಟಡವು ಮುಗಿದದ್ದು 1953ರಲ್ಲಿ. ಈ 93 ವರುಷಗಳಲ್ಲಿ ಕಾಲವು ತಾನಾಗಿ ಒಂದು ಕಲ್ಲನ್ನೂ ಇಡಲಿಲ್ಲ. ಅಳೆದವರು, ವಾದಿಸಿದವರು, ಕಲ್ಲು ಹೊತ್ತವರು ಕಟ್ಟಿದರು. ಸುಮಾರು 90 ಹಳ್ಳಿಗಳ ಜನರು ಮನೆಮಾರುಗಳನ್ನು ನೀರಿಗೆ ಒಪ್ಪಿಸಿ ಎದ್ದುಹೋದರು. ಇಂದು ಗಂಗಾವತಿಯು ಭತ್ತದ ಕಣಜವಾಗಿರುವದು ಇವರೆಲ್ಲರ ಋಣದಿಂದ.

ಕಟ್ಟಿದ ಮೇಲೂ ನೆಮ್ಮದಿಯಿಂದ ಮಲಗಲು ಬರುವದಿಲ್ಲ. 2024ರ ಆಗಸ್ಟ 10ರ ರಾತ್ರಿ ಆ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಹೋಯಿತು. ತುಂಬಿದ ಜಲಾಶಯವು ಒಕ್ಕಲಿಗರ ಕಣ್ಣೆದುರಿಗೇ ಬರಿದಾಗತೊಡಗಿತು. ಆಗ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ಆ ಬಾಯನ್ನು ಮುಚ್ಚಿದರು. ಬಳಿಕ ಮಳೆಯೂ ಕೈಹಿಡಿದು ಜಲಾಶಯವು ಮತ್ತೆ ತುಂಬಿತು. ಬಾಗಿಲು ಮುಚ್ಚಿರದಿದ್ದರೆ ಆ ಮಳೆಯಿಂದ ಏನಾಗುತ್ತಿತ್ತು? ಬಂದ ನೀರು ಬಂದಂತೆಯೇ ಹೊರಟುಹೋಗುತ್ತಿತ್ತು. ದೈವವು ಒಲಿಯುವದಾದರೂ ಸಿದ್ಧವಿದ್ದವರಿಗೆ.

ಆದರೆ ತುಂಗಭದ್ರೆಯ ಕಾಲುವೆಯಿಂದ ಗಂಗಾವತಿ ಪಡೆದುದನ್ನು ಯಲಬುರ್ಗಾ ಕುಷ್ಟಗಿಗಳ ಮೇಲುನಾಡು ಪಡೆಯಲಿಲ್ಲ. ಕೃಷ್ಣೆಯ ನೀರನ್ನೆತ್ತಿ ಈ ಸೀಮೆಗೆ ಕೊಡುವ ಕೊಪ್ಪಳ ಏತ ನೀರಾವರಿಯು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕೆ ಸೇರಿದ್ದು. ಕೃಷ್ಣಾ ನ್ಯಾಯಾಧಿಕರಣದ ಎರಡನೆಯ ತೀರ್ಪು ಬಂದದ್ದು 2010ರಲ್ಲಿ. ಅಂದು ಹುಟ್ಟಿದ ಕೂಸುಗಳು ಇಂದು ಪ್ರಾಯಕ್ಕೆ ಬರುತ್ತಿವೆ. ದುಡಿಮೆಯನ್ನರಸಿ ದೂರದ ಪಟ್ಟಣಗಳಿಗೆ ಗಂಟುಕಟ್ಟುವ ಈ ಸೀಮೆಯ ತರುಣನಿಗೆ ಆಶೆಯನ್ನು ಬಿಡಬೇಡವೆಂದು ಉಪದೇಶಿಸುವ ಅಧಿಕಾರವು ನಮಗೆಲ್ಲಿಯದು? ಅವನು ತನ್ನ ಹೊಲವನ್ನು ಹರಗಿಟ್ಟೇ ಇದ್ದಾನೆ. ಹರಗದೆ ಬಿಟ್ಟವರು ನಾವು.

ನ್ಯಾಯಾಲಯದಲ್ಲಿ ದಿನ ಕಳೆಯುವ ನಮಗೆ ಒಂದು ಸಂಗತಿಯು ಚೆನ್ನಾಗಿ ಗೊತ್ತು: ಮೊತ್ತವೂ ಕೊಡುವವನ ಹೆಸರೂ ಇಲ್ಲದ ಹುಂಡಿಯನ್ನು ಯಾವ ಸಾಹುಕಾರನೂ ಬೆಲೆಯುಳ್ಳದ್ದೆಂದು ಎಣಿಸುವದಿಲ್ಲ. ಎಂದು, ಎಷ್ಟು, ಯಾರ ಹೊಣೆ ಎಂಬ ಮೂರು ಮಾತುಗಳಿಲ್ಲದ ಭರವಸೆಯು ಅಂಥ ಹುಂಡಿಯೇ ಸರಿ. ಅದನ್ನು ಬಡವನ ಕೈಯಲ್ಲಿಟ್ಟು ಆಶಾವಾದವೆಂದು ಕರೆಯುವದು ವಂಚನೆ. ನಿರಾಶೆಯು ಮನುಷ್ಯನನ್ನು ಒಮ್ಮೆ ಕೆಡಹುವದು. ಇಂಥ ಪೊಳ್ಳು ಆಶೆಯು ಅವನನ್ನು ವರುಷವರುಷವೂ ಕೆಡಹುವದು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಯಾರಾದರೂ ನಿಮ್ಮ ಊರಿನ ಸಭೆಯಲ್ಲಿ ನಿಂತು ಒಳ್ಳೆಯ ದಿನಗಳ ಮಾತನಾಡಿದರೆ, ಚಪ್ಪಾಳೆಗೆ ಮುಂಚೆ ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಕೇಳಿದ ಮೇಲೆ, ಈ ವರುಷ ನಿಮ್ಮಿಂದಲೇ ಆಗಬೇಕಾದ ಕೆಲಸವಾವದೆಂಬುದನ್ನೂ ಗೊತ್ತುಮಾಡಿಕೊಂಡು ಮನೆಗೆ ಹೋಗಿರಿ.