ಸಂಬಳದ ಚೀಟಿ ವೈದ್ಯರ ಚೀಟಿಯಲ್ಲ!

“ಬೆಂಗಳೂರು ಸೇರಿ ಎಂಜಿನಿಯರಾದ ಮಗ, ಕೈತುಂಬ ಸಂಬಳ, ಅವನಿಗೇನು ರೋಗ?” ಎನ್ನುವ ಬಂಧುಗಳೇ, ಕೇಳಿರಿ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಇಲ್ಲವೆ ಯಾವುದೂ ಬೇಡವೆನಿಸಿದ್ದರೆ, ಜತೆಗೆ ನಿದ್ದೆ, ಹಸಿವು ಕೆಟ್ಟು, ಬಳಲಿಕೆ, ತಾನು ನಿಷ್ಪ್ರಯೋಜಕನೆಂಬ ಕೊರಗು, ಸಾವಿನ ಯೋಚನೆ — ಇಂಥ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಕಂಡರೆ ವೈದ್ಯರು ಖಿನ್ನತೆಯನ್ನು ಗುರುತಿಸುತ್ತಾರೆ. ಕೆಲಸಕ್ಕೆ ಗೈರುಹಾಜರಿ ಆ ಪಟ್ಟಿಯಲ್ಲೇ ಇಲ್ಲ! ರ್‍ಯಾಂಕು ಪಡೆದು ಬೆಳೆದ ಹುಡುಗ ಬಳಲಿಕೆಯನ್ನು ಸೋಮಾರಿತನವೆಂದು ತನ್ನನ್ನೇ ಬೈದುಕೊಂಡು ಇನ್ನೆರಡು ಗಂಟೆ ದುಡಿಯುತ್ತಾನೆ. ಮಾಲೀಕರು ಅದನ್ನು ನಿಷ್ಠೆಯೆಂದು ಹೊಗಳುತ್ತಾರೆ. ಮೋಟಾರು ಬಿಸಿಯಾದರೆ ಮಾತ್ರ ಓಡಿಬಂದು ನಿಲ್ಲಿಸುವ ಮಹಾಶಯರು! ಥೈರಾಯ್ಡ್ ದೋಷವೂ ಹೀಗೇ ಕಾಣಿಸಬಹುದು, ರಕ್ತ ಪರೀಕ್ಷೆ ಮಾಡಿಸಿರಿ. 2017ರ ಕಾಯಿದೆಯಂತೆ ಸರ್ಕಾರಿ ಮಾನಸಿಕ ಚಿಕಿತ್ಸೆ ಹಕ್ಕು. 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅವನಾಗಿ ರಜೆ ಕೇಳುವವರೆಗೆ ಕಾಯಬೇಡಿರಿ.